ತಮ್ಮನ ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ 1640, ಹೆಪಟೈಟಿಸ್ ಟೆಸ್ಟ್ ಎಲ್ಲಾ ನೆಗೆಟಿವ್, ಕುಡಿಯೋ ಅಭ್ಯಾಸ ಇಲ್ಲ. ಇನ್ನೇನಿರಬಹುದು?

ಹಾಸನದ_ಅಕ್ಕ:

ಎಲ್ರಿಗೂ ನಮಸ್ಕಾರ, ಇಲ್ಲಿ ಮೊದಲ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ತಮ್ಮನಿಗೆ 23 ವರ್ಷ, ಬೆಂಗಳೂರಲ್ಲಿ ಪಿಜಿಯಲ್ಲಿದಾನೆ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಹದಿನೈದು ದಿನದಿಂದ ಸುಸ್ತು ಸುಸ್ತು ಅಂತಿದ್ದ, ಊಟ ಸೇರ್ತಿರ್ಲಿಲ್ಲ, ಒಗ್ಗರಣೆ ವಾಸನೆ ಬಂದ್ರೆ ವಾಕರಿಕೆ ಬರುತ್ತೆ ಅಂತಿದ್ದ, ನಾವು ಪಿಜಿ ಊಟದ ಮಹಿಮೆ ಅಂದ್ಕೊಂಡು ನಕ್ಕು ಸುಮ್ನಾದ್ವಿ. ಹೋದ ಭಾನುವಾರ ವಿಡಿಯೋ ಕಾಲಲ್ಲಿ ಅಮ್ಮನೇ ಮೊದ್ಲು ಕಂಡಿದ್ದು, "ಏನೋ ಅದು ನಿನ್ನ ಕಣ್ಣು, ಲೈಟ್ ಹಳದಿನಾ ಕಣ್ಣೇ ಹಳದಿನಾ, ಕಿಟಕಿ ಹತ್ರ ಹೋಗಿ ನಿಂತ್ಕೋ" ಅಂದ್ಲು. ಕಿಟಕಿ ಹತ್ರ ಹೋದ್ಮೇಲೆ ನನಗೂ ಕಾಣ್ತು. ಯೂರಿನ್ ಟೀ ಡಿಕಾಕ್ಷನ್ ಥರ ಬರ್ತಿದೆ ಅಂತ ಆಗ ಬಾಯಿಬಿಟ್ಟ.

ಸೋಮವಾರ ಅಡ್ಮಿಟ್ ಮಾಡಿದ್ವಿ. ಕಣ್ಣು ಹಳದಿ ಮಾಡೋ ಬಿಲಿರುಬಿನ್ 9.8, ಎಸ್‌ಜಿಪಿಟಿ 1640, ಎಸ್‌ಜಿಒಟಿ 1390, ರಕ್ತ ಹೆಪ್ಪುಗಟ್ಟೋದನ್ನ ನೋಡೋ ಐಎನ್ಆರ್ 1.4. ಹೆಪಟೈಟಿಸ್ ಎ, ಬಿ, ಸಿ, ಇ ನಾಲ್ಕೂ ನೆಗೆಟಿವ್. ಡೆಂಗ್ಯೂ ನೆಗೆಟಿವ್. ಸ್ಕ್ಯಾನಿಂಗಲ್ಲಿ ಪಿತ್ತಕೋಶದಲ್ಲಿ ಕಲ್ಲಿಲ್ಲ. ಕುಡಿಯಲ್ಲ, ಸಿಗರೇಟಿಲ್ಲ, ಯಾವ ಮಾತ್ರೆನೂ ತಗೊಳ್ತಿಲ್ಲ. ಡಾಕ್ಟ್ರು ದಿನಾ ಬಂದು ಅದೇ ಪ್ರಶ್ನೆ ಕೇಳ್ತಾರೆ, "ಏನಾದ್ರೂ ತಗೊಂಡಿದ್ಯಾ", ಇವನು ಅದೇ ಉತ್ತರ ಕೊಡ್ತಾನೆ, "ಏನೂ ಇಲ್ಲ ಸರ್". ನಿನ್ನೆ ಒಬ್ರು ಡಾಕ್ಟ್ರು ನಮ್ಮನ್ನೆಲ್ಲ ಆಚೆ ಕಳಿಸಿ ಇವನೊಬ್ಬನ ಹತ್ರ ಇಪ್ಪತ್ತು ನಿಮಿಷ ಮಾತಾಡಿದ್ರು, ಅಮ್ಮನಿಗೆ ಅದು ಬೇರೆ ಅವಮಾನ ಆದಂಗಾಗಿದೆ. ಇತ್ತ ದೊಡ್ಡಪ್ಪ ಫೋನ್ ಮೇಲೆ ಫೋನ್, ಡಿಸ್ಚಾರ್ಜ್ ಮಾಡ್ಸಿ, ಅರಸೀಕೆರೆ ಕಡೆ ಒಬ್ರು ಕೈಗೆ ಬರೆ ಹಾಕಿ ಔಷಧಿ ಕೊಡ್ತಾರೆ, ಮೂರು ದಿನಕ್ಕೆ ಇಳಿಯುತ್ತೆ ಅಂತ.

ಇಷ್ಟು ಚಿಕ್ಕ ವಯಸ್ಸಿಗೆ ವೈರಸ್ ಇಲ್ದೆ, ಎಣ್ಣೆ ಇಲ್ದೆ ಲಿವರ್ ಹಿಂಗಾಗೋಕೆ ಬೇರೆ ಏನು ಕಾರಣ ಇರುತ್ತೆ? ಡಾಕ್ಟ್ರನ್ನ ಏನು ಕೇಳ್ಬೇಕು ಅನ್ನೋದೂ ಗೊತ್ತಾಗ್ತಿಲ್ಲ.

ಬಸವನಗುಡಿ_ಬ್ರೋ:

ಜಿಮ್‌ಗೆ ಹೋಗ್ತಾನಾ? ಪ್ರೋಟೀನ್ ಪೌಡರ್ ಇರುತ್ತೆ ನೋಡಿ, ನೂರಕ್ಕೆ ನೂರು ಅದೇ. ನಮ್ಮ ಆಫೀಸಲ್ಲಿ ಒಬ್ಬನಿಗೆ ಹಿಂಗೇ ಎಸ್‌ಜಿಒಟಿ 600 ಬಂದಿತ್ತು.

ಹುಬ್ಬಳ್ಳಿ_ಗಿರ್ಮಿಟ್:

ಅಕ್ಕಾರ, ನಮ್ಮ ಕಡೆ ಇದಕ್ಕ ಕಾಮಣಿ ಅಂತೀವ್ರಿ. ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ, ನಿಮ್ಮ ದೊಡ್ಡಪ್ಪಗ ಕೈ ಮುಗಿದು ಹೇಳ್ರಿ ಬ್ಯಾಡಾಂತ. ನಮ್ಮ ಕಾಕಾನ ಮಗಗ ಹಿಂಗ ಕಣ್ಣ ಹಳದಿ ಆದಾಗ ಮೂಗಿನಾಗ ಹನಿ ಹಾಕೋರ ಹತ್ರ ಕರ್ಕೊಂಡು ಹೋಗಿದ್ವಿ. ಹನಿ ಹಾಕಿದ ಕೂಡ್ಲೇ ಮೂಗಿನ್ಯಾಗಿಂದ ಹಳದಿ ನೀರು ಧಾರಿ ಹರೀತು, ಕುಂತ ಮಂದಿ ಎಲ್ಲಾ "ನೋಡ್ರಿ ಕಾಮಣಿ ಇಳ್ಯಾಕ ಹತ್ತೇತಿ" ಅಂದ್ರು, ನಾನೂ ನಂಬಿದ್ಯಾ. ಆಮ್ಯಾಲ ತಿಳೀತು, ಆ ಕಹಿ ರಸ ಯಾರ ಮೂಗಿಗೆ ಹಾಕಿದ್ರೂ ಅಷ್ಟ ನೀರು ಬರತೈತಿ, ನನ್ನ ಮೂಗಿಗೆ ಹಾಕಿದ್ರೂ ಬರತೈತಿ. ಅವಗ ಇದ್ದದ್ದು ಹೆಪಟೈಟಿಸ್ ಎ, ಅದು ತಾನ ಕಡಿಮಿ ಆಗೂದು, ಹೆಸರು ಮಾತ್ರ ಹನಿ ಹಾಕಿದವಂದು. ನಿಮ್ಮ ತಮ್ಮಂದು ಇನ್ನೂ ಏನಂತ ಗೊತ್ತಿಲ್ಲ, ಅಂಥಾದ್ರಾಗ ಮ್ಯಾಲೊಂದು ಏನೋ ಕುಡಿಸಿದ್ರ ಡಾಕ್ಟ್ರು ಯಾವುದನ್ನ ಹುಡುಕ್ಬೇಕ್ರಿ? ಬರೆ ಹಾಕಿದ ಗಾಯಕ್ಕ ನಂಜಾದ್ರ ಅದೊಂದು ಬ್ಯಾರೆ.

ನೈಟ್_ಡ್ಯೂಟಿ:

ಮೆಡಿಸಿನ್‌ನಲ್ಲಿ ಪೋಸ್ಟ್ ಗ್ರಾಜುಯೇಷನ್ ಮಾಡ್ತಿದೀನಿ. ಪೇಷೆಂಟನ್ನ ನೋಡ್ದೆ ಡಯಾಗ್ನೋಸಿಸ್ ಹೇಳೋಕಾಗಲ್ಲ, ಅಲ್ಲಿರೋ ಡಾಕ್ಟ್ರು ಸರಿ ದಾರಿಯಲ್ಲೇ ಇದಾರೆ ಅನ್ಸುತ್ತೆ, ಅವರು ಯಾಕೆ ಹಿಂಗೆ ಕೇಳ್ತಿದಾರೆ ಅನ್ನೋದಷ್ಟೇ ಹೇಳ್ತೀನಿ. ಮಧ್ಯ ಮಧ್ಯ ವಾರ್ಡಿಂದ ಕರೀತಾರೆ, ಬರಹ ಅಲ್ಲಲ್ಲಿ ಹಾರಿದ್ರೆ ಸಹಿಸ್ಕೊಳ್ಳಿ.

ಮೊದ್ಲು ಭಯದ ವಿಷಯ ಮುಗಿಸ್ತೀನಿ. ಎಲ್ರೂ ಎಸ್‌ಜಿಪಿಟಿ ನಂಬರನ್ನೇ ನೋಡ್ತಾರೆ, 1640 ಇದ್ದದ್ದು 400 ಆಯ್ತು ಅಂದ್ರೆ ಸ್ವೀಟ್ ಹಂಚ್ತಾರೆ. ಅದು ಲಿವರ್ ಜೀವಕೋಶ ಒಡೆದಾಗ ಆಚೆ ಬರೋ ಕಿಣ್ವ ಅಷ್ಟೇ. ಒಡೆಯೋಕೆ ಕೋಶನೇ ಉಳಿದಿಲ್ಲ ಅಂದ್ರೂ ಆ ನಂಬರ್ ಇಳಿಯುತ್ತೆ. ಲಿವರ್ ಕೆಲಸ ಮಾಡ್ತಿದ್ಯಾ ಇಲ್ವಾ ಅನ್ನೋದು ಐಎನ್ಆರ್‌ನಲ್ಲಿ ಗೊತ್ತಾಗುತ್ತೆ, ರಕ್ತ ಹೆಪ್ಪುಗಟ್ಟೋ ಪ್ರೋಟೀನುಗಳನ್ನ ಲಿವರೇ ಮಾಡೋದು. 1.5 ದಾಟಿ, ಜೊತೆಗೆ ಹುಡುಗ ಮಂಕಾದ್ರೆ ಅದು ಅಕ್ಯೂಟ್ ಲಿವರ್ ಫೇಲ್ಯೂರ್ ಲೆಕ್ಕ, ಆಗ ಲಿವರ್ ಟ್ರಾನ್ಸ್‌ಪ್ಲಾಂಟ್ ಇರೋ ಜಾಗಕ್ಕೆ ಸಾಗಿಸ್ಬೇಕು. ಮಂಕು ಅಂದ್ರೆ ಪ್ರಜ್ಞೆ ತಪ್ಪಿ ಬೀಳೋದಲ್ಲ. ರಾತ್ರಿಯೆಲ್ಲಾ ಎದ್ದಿದ್ದು ಹಗಲು ನಿದ್ದೆ, ಸುಮ್ಸುಮ್ನೆ ರೇಗೋದು, ಫೋನ್ ಪಾಸ್‌ವರ್ಡ್ ಮರೆಯೋದು, ಅಲ್ಲಿಂದ ಶುರು. ಇದನ್ನ ರೌಂಡ್ಸಿಗೆ ಐದು ನಿಮಿಷ ಬರೋ ನಮಗಿಂತ ಪಕ್ಕದಲ್ಲಿ ಕೂತಿರೋ ನೀವೇ ಮೊದ್ಲು ಹಿಡೀತೀರ. ಕಂಡ ತಕ್ಷಣ ಸಿಸ್ಟರ್‌ಗೆ ಹೇಳಿ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಈಗ ಕಾರಣ. ಎ ಮತ್ತು ಇ ನೆಗೆಟಿವ್ ಅಂದ್ರಿ, ತೀರಾ ಶುರುವಲ್ಲಿ ಟೆಸ್ಟ್ ಮಾಡಿದ್ರೆ ಕೆಲವೊಮ್ಮೆ ಸಿಗಲ್ಲ, ನಾಲ್ಕೈದು ದಿನ ಬಿಟ್ಟು ರಿಪೀಟ್ ಮಾಡ್ತಾರೆ. ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾನೂ ಕಣ್ಣು ಹಳದಿ ಮಾಡ್ತವೆ, ಆದ್ರೆ ಅಲ್ಲಿ ಸಾಮಾನ್ಯವಾಗಿ ಜ್ವರ ಇರುತ್ತೆ, ಇಲಿ ಜ್ವರದಲ್ಲಿ ಬಿಲಿರುಬಿನ್ 20 ದಾಟಿದ್ರೂ ಎಸ್‌ಜಿಪಿಟಿ ಇನ್ನೂರರ ಆಸುಪಾಸಲ್ಲೇ ಇರೋದು ಹೆಚ್ಚು, ನಿಮ್ಮ ತಮ್ಮನ ರಿಪೋರ್ಟ್ ಹಂಗಿಲ್ಲ.

ಉಳಿಯೋದು ದೊಡ್ಡದಾಗಿ ಮೂರು. ಹೊಟ್ಟೆಗೆ ಹೋದದ್ದು ಏನೋ, ದೇಹನೇ ಲಿವರ್ ಮೇಲೆ ತಿರುಗಿಬಿದ್ದಿರೋದು ಅಂದ್ರೆ ಆಟೋಇಮ್ಯೂನ್, ಇಲ್ಲಾ ಹುಟ್ಟಿನಿಂದ ಬಂದ ವಿಲ್ಸನ್ ಕಾಯಿಲೆ, ಅಂದ್ರೆ ಮೈಯಲ್ಲಿ ತಾಮ್ರ ಕೂತ್ಕೊಳ್ಳೋದು. ನಾಲ್ಕನೇದು ಬಡ್-ಕಿಯಾರಿ, ಲಿವರಿಂದ ಹೊರಗೆ ಹೋಗೋ ರಕ್ತನಾಳ ಕಟ್ಕೊಳ್ಳೋದು, ಅದನ್ನ ಡಾಪ್ಲರ್ ಸ್ಕ್ಯಾನಲ್ಲಿ ನೋಡ್ತಾರೆ. ಆದ್ರಿಂದ ಡಾಕ್ಟ್ರನ್ನ ಕೇಳ್ಬೇಕಾದ್ದು: ಆಟೋಇಮ್ಯೂನ್‌ಗೆ ಎಎನ್ಎ, ಐಜಿಜಿ ಟೆಸ್ಟ್ ಕಳ್ಸಿದೀರಾ, ವಿಲ್ಸನ್‌ಗೆ ಸೆರುಲೋಪ್ಲಾಸ್ಮಿನ್ ಕಳ್ಸಿದೀರಾ, ಡಾಪ್ಲರ್ ಆಗಿದ್ಯಾ. ಇಷ್ಟೇ. ದಬಾಯಿಸಿ ಕೇಳ್ಬೇಡಿ, ಮೆಲ್ಲಗೆ ಕೇಳಿ, ಹೇಳ್ತಾರೆ.

ಒಬ್ಬನನ್ನೇ ಕೂರಿಸಿ ಮಾತಾಡಿದ್ದಕ್ಕೆ ಅಮ್ಮ ಬೇಜಾರು ಮಾಡ್ಕೋಬಾರ್ದು, ನಾನೂ ಅದನ್ನೇ ಮಾಡ್ತಿದ್ದೆ. ಮನೆಯವರ ಮುಂದೆ ಹುಡುಗರು ಹೇಳದ ವಿಷಯ ಬೇಕಾದಷ್ಟಿರುತ್ತೆ, ಪಾರ್ಟಿ, ಜಿಮ್ ಇಂಜೆಕ್ಷನ್, ತಲೆನೋವು ಅಂತ ದಿನಕ್ಕೆ ಹತ್ತು ಪ್ಯಾರಾಸಿಟಮಾಲ್ ನುಂಗಿದ್ದು. ಕೆಲವೊಮ್ಮೆ ಇಲಿ ಪಾಷಾಣ. ಇದನ್ನ ಬರೀಬೇಕಾ ಬೇಡ್ವಾ ಅಂತ ಯೋಚ್ಸಿದೆ, ಬರೀತೀನಿ: ಮನಸ್ಸಿಗೆ ತಡೆಯಲಾರದೆ ಅದನ್ನ ಬಾಯಿಗೆ ಹಾಕ್ಕೊಂಡೋರು ಮೊದಲ ಒಂದೆರಡು ದಿನ ಆರಾಮಾಗೇ ಕಾಣ್ತಾರೆ, ಏನೂ ಆಗಿಲ್ಲ ಅಂತ ಮನೆಯವರು ಸುಮ್ನಾಗ್ತಾರೆ, ಲಿವರ್ ಆಮೇಲೆ ಕೈ ಕೊಡುತ್ತೆ. ಸ್ವಲ್ಪನೇ ಆಗಿರ್ಲಿ, ಆರಾಮಾಗೇ ಇರ್ಲಿ, ಆ ಗಂಟೆಯಲ್ಲೇ ಆಸ್ಪತ್ರೆಗೆ ಓಡ್ಬೇಕು. ಮಾತಾಡೋಕೆ ಯಾರೂ ಇಲ್ಲ ಅನ್ಸಿದೋರಿಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಬಸವನಗುಡಿ ಬ್ರೋಗೆ ಒಂದು ಮಾತು, ನಿಮ್ಮ ಆಫೀಸಿನವರದ್ದು ಲಿವರೇ ಆಗಿರ್ಲಿಕ್ಕಿಲ್ಲ. ಎಸ್‌ಜಿಒಟಿ ಮಾಂಸಖಂಡದಲ್ಲೂ ಇರುತ್ತೆ, ವರ್ಷಗಟ್ಲೆ ಕೂತಿದ್ದು ಒಂದೇ ದಿನ ಇನ್ನೂರು ಬಸ್ಕಿ ಹೊಡೆದ್ರೆ ಏರುತ್ತೆ. ಬಿಲಿರುಬಿನ್ ನಾರ್ಮಲ್ ಇದ್ದು ಮಾಂಸಖಂಡದ ಕಿಣ್ವ ಸಿಪಿಕೆ ಸಾವಿರಗಟ್ಲೆ ಇದ್ರೆ ಅದು ಬಸ್ಕಿ ಕೇಸು.

ಶಿರಸಿ_ಮಳೆ:

ಹೊಟ್ಟೆಗೆ ಹೋದದ್ದು ಅಂದಿದ್ದಕ್ಕೆ ನಮ್ಮ ಮನೆ ಕತೆ ಹೇಳ್ತೆ. ಚಿಕ್ಕಮ್ಮನ ಮಗಳು, 26 ವರ್ಷ, ಮದುವೆಗೆ ಮೂರು ತಿಂಗಳಿದೆ ಅಂತ ತೂಕ ಇಳಿಸೋ ಕ್ಯಾಪ್ಸೂಲ್ ಆನ್‌ಲೈನಲ್ಲಿ ತರಿಸಿದ್ಲು. ಐದನೇ ವಾರಕ್ಕೆ ಮೈ ಕೆರೆತ, ಆರನೇ ವಾರಕ್ಕೆ ಕಣ್ಣು ಹಳದಿ. ಅವಳೂ "ಮಾತ್ರೆ ಏನೂ ಇಲ್ಲ" ಅಂತಲೇ ಸಾಧಿಸಿದ್ಲು, ಯಾಕಂದ್ರೆ ಡಬ್ಬಿ ಮೇಲೆ ನೂರು ಪರ್ಸೆಂಟ್ ನ್ಯಾಚುರಲ್ ಅಂತ ಇತ್ತಲ್ಲ. ಡಬ್ಬಿ ತಿರುಗಿಸಿ ನೋಡಿದ್ರೆ ಗಾರ್ಸೀನಿಯಾ ಕಾಂಬೋಜಿಯಾ ಮತ್ತು ಗ್ರೀನ್ ಟೀ ಎಕ್ಸ್‌ಟ್ರಾಕ್ಟ್. ನಾನು ಗೂಗಲ್ ಮಾಡಿ ಗಾರ್ಸೀನಿಯಾ ಚಿತ್ರ ನೋಡಿ ನಕ್ಕುಬಿಟ್ಟೆ ಮಾರಾಯ್ರೆ, ನಗೋ ಹೊತ್ತಲ್ಲ ಅದು, ಆದ್ರೂ. ಅದು ನಮ್ಮ ಉಪ್ಪಾಗೆ! ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗಿ ಹೆಕ್ಕಿ ತಂದು, ಸಿಪ್ಪೆ ಬಿಡಿಸಿ, ಬಿಸಿಲು ಇರೋದಿಲ್ಲ ಅಂತ ಒಲೆ ಮೇಲೆ ಹೊಗೆ ಹಾಕಿ ಕಪ್ಪಗೆ ಒಣಗಿಸೋದು, ಅಂಗಿಗೆಲ್ಲ ಆ ಹೊಗೆ ವಾಸನೆ. ಬೀಜದಿಂದ ತುಪ್ಪ ತೆಗೀತಿದ್ರು. ಸಿಪ್ಪೆ ವ್ಯಾಪಾರಿಗಳು ಮನೆ ಬಾಗಿಲಿಗೆ ಬಂದು ಒಯ್ತಿದ್ರು, ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರೆ ಫಾರಿನ್ನಿಗೆ ಅಂತ ಹೇಳ್ತಿದ್ರು ಅಷ್ಟೇ. ನಮ್ಮ ಅಡುಗೆ ಮನೆಯ ಹುಳಿ ಸಮುದ್ರ ದಾಟಿ ಕ್ಯಾಪ್ಸೂಲಾಗಿ ತಂಗಿ ಹೊಟ್ಟೆಗೇ ವಾಪಸ್ ಬಂದಿತ್ತು.

ಅವಳು ನಿಲ್ಲಿಸಿದ ಮೇಲೆ ಎರಡು ತಿಂಗಳಿಗೆ ಸರಿ ಆದ್ಲು. ಮದುವೆ ಮುಂದೆ ಹೋಯ್ತು.

ನನ್ನ ಡೌಟು ಎಂತ ಅಂದ್ರೆ, ನಾವು ತಲೆತಲಾಂತರದಿಂದ ಉಪ್ಪಾಗೆ ಹುಳಿ ತಿಂದವರು, ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಹಾಕೋದೂ ಇದರದ್ದೇ ಅಂತೆ, ಯಾರಿಗೂ ಲಿವರ್ ಹೋಗಿದ್ದು ಕೇಳಿಲ್ಲ. ಹಾಗಿದ್ರೆ ಹೆಂಗೆ?

ನೈಟ್_ಡ್ಯೂಟಿ:

ಒಳ್ಳೆ ಪ್ರಶ್ನೆ. ಸಾರಿಗೆ ಹಾಕೋದು ಎರಡು ಸಿಪ್ಪೆ, ಅದೂ ಹತ್ತು ಜನಕ್ಕೆ. ಕ್ಯಾಪ್ಸೂಲಲ್ಲಿರೋದು ಅದರಿಂದ ತೆಗೆದ ಎಚ್‌ಸಿಎ ಅನ್ನೋ ಆಮ್ಲದ ಗಟ್ಟಿ ಸಾರ, ದಿನಾ ಎರಡು ಮೂರು ಸಲ, ತಿಂಗಳುಗಟ್ಲೆ. ಗ್ರೀನ್ ಟೀನೂ ಹಾಗೇ, ಕಪ್ಪಲ್ಲಿ ಕುಡಿಯೋದು ಬೇರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದ್ದು ಅದರ ಇಜಿಸಿಜಿ ಅನ್ನೋ ಅಂಶ ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದ್ರೆ ಲಿವರ್ ಕಿಣ್ವ ಏರೋದು ಕಾಣ್ತದೆ ಅಂತ.

ಅರಿಶಿಣದ್ದು ಇನ್ನೂ ಮಜಾ ಇದೆ. ಅರಿಶಿಣದ ಕರ್ಕ್ಯುಮಿನ್ ಅನ್ನೋ ಅಂಶ ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ಕಮ್ಮಿ, ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟುಹೋಗುತ್ತೆ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ರೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತೆ ಅಂತ 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರೇ. ಈಗ ಸಪ್ಲಿಮೆಂಟ್ ಡಬ್ಬಿಗಳ ಮೇಲೆ ಕರ್ಕ್ಯುಮಿನ್ ಪ್ಲಸ್ ಪೆಪ್ಪರ್ ಅಂತ ದೊಡ್ಡದಾಗಿ ಬರೀತಾರೆ. 2022ರಲ್ಲಿ ಅಮೆರಿಕದಿಂದ ಅರಿಶಿಣದಿಂದ ಲಿವರ್ ಕೆಟ್ಟ 10 ಜನರ ವರದಿ ಬಂತು, ಅವರಲ್ಲಿ 7 ಜನಕ್ಕೆ ಎಚ್ಎಲ್ಎ-ಬಿ 35:01 ಅನ್ನೋ ಒಂದೇ ಜೀನ್ ಗುರುತು ಇತ್ತು. ಗಾರ್ಸೀನಿಯಾ, ಗ್ರೀನ್ ಟೀ ಕೇಸುಗಳಲ್ಲೂ ಅದೇ ಗುರುತು ಜಾಸ್ತಿ ಸಿಕ್ಕಿದೆ. ಅಂದ್ರೆ ಡೋಸ್ ಒಂದು, ಯಾರ ಮೈ ಅನ್ನೋದು ಇನ್ನೊಂದು. ಅದಕ್ಕೇ "ನಾನೂ ಕುಡಿದೆ, ನನಗೇನಾಯ್ತು" ಅನ್ನೋ ವಾದ ಲಿವರ್ ವಿಷಯದಲ್ಲಿ ನಿಲ್ಲಲ್ಲ.

ಇಂಗ್ಲಿಷ್ ಮಾತ್ರೆಗಳೇನು ಸಾಚಾ ಅಂತಲ್ಲ. ಅದೇ ಸೇಂಟ್ ಜಾನ್ಸ್‌ನಿಂದ 2010ರಲ್ಲಿ ಔಷಧಿಯಿಂದ ಲಿವರ್ ಕೆಟ್ಟ 313 ಜನರ ಲೆಕ್ಕ ಬಂದಿತ್ತು, ಅರ್ಧಕ್ಕಿಂತ ಹೆಚ್ಚು ಟಿಬಿ ಮಾತ್ರೆಯಿಂದಲೇ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅಂತೂ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋರೇ ಜಾಸ್ತಿ, ಕೋರ್ಸ್ ಮುಗಿದು ಮೂರ್ನಾಲ್ಕು ವಾರ ಆದ್ಮೇಲೂ ಕಾಮಾಲೆ ಬರಬಹುದು, ಅಷ್ಟೊತ್ತಿಗೆ ಹಲ್ಲುನೋವಿಗೆ ಮಾತ್ರೆ ತಗೊಂಡಿದ್ದೇ ಮರೆತಿರುತ್ತೆ.

ಹಾಸನದ ಅಕ್ಕ, ತಮ್ಮನನ್ನ "ಔಷಧಿ ತಗೊಂಡ್ಯಾ" ಅಂತ ಕೇಳ್ಬೇಡಿ. "ಮೂರು ತಿಂಗಳಿಂದ ಬೆಳಿಗ್ಗೆ ಎದ್ದು ರಾತ್ರಿ ಮಲಗೋವರೆಗೆ ಬಾಯಿಗೆ ಏನೇನು ಹೋಯ್ತು" ಅಂತ ಕೇಳಿ. ಪಿಜಿ ರೂಮಿಗೆ ಹೋಗಿ ಕಪಾಟು ತೆಗೆದು ಡಬ್ಬಿ, ಬಾಟ್ಲು, ಪೊಟ್ಟಣ ಎಲ್ಲದರ ಫೋಟೋ ತೆಗೀರಿ. ಯಾವುದನ್ನೂ ಎಸೀಬೇಡಿ. ಮಳೆಗಾಲ ಅಲ್ವಾ, ಊರಿಗೆ ಹೋದಾಗ ಕಾಡಣಬೆ ತಿಂದ್ನಾ ಅನ್ನೋದೂ ಕೇಳಿ, ಆದ್ರೆ ವಿಷದ ಅಣಬೆದು ಹದಿನೈದು ದಿನ ಎಳೆಯಲ್ಲ, ತಿಂದು ಆರು ಗಂಟೆ ಕಳೆದ ಮೇಲೆ ಜೋರು ವಾಂತಿ ಭೇದಿ, ಮಧ್ಯ ಒಂದಿನ ಆರಾಮು, ಮೂರನೇ ದಿನ ಲಿವರ್, ಹಂಗಿರುತ್ತೆ ಅದರ ನಡೆ.

ಮದ್ದೂರು_ವಡೆ:

ವಿಲ್ಸನ್ ಅಂದ್ರಲ್ಲ ಡಾಕ್ಟ್ರೇ, ನಾನೇ ಆ ಗಿರಾಕಿ. 19ನೇ ವಯಸ್ಸಲ್ಲಿ ಒಂದ್ಸಲ ಜಾಂಡೀಸ್ ಬಂದು ಹೋಗಿತ್ತು, ನಾಟಿ ಔಷಧಿ ಕುಡಿದು ವಾಸಿ ಆಯ್ತು ಅಂತ ಊರೆಲ್ಲ ನಂಬ್ಕೊಂಡಿತ್ತು. ಎರಡು ವರ್ಷ ಆದ್ಮೇಲೆ ನನ್ನ ಅಕ್ಷರ ಕೆಡೋಕೆ ಶುರುವಾಯ್ತು. ದುಂಡಗೆ ಬರೀತಿದ್ದೋನು, ಪರೀಕ್ಷೆಯಲ್ಲಿ ಕೊನೆ ಪುಟ ಬರೋ ಹೊತ್ತಿಗೆ ಇರುವೆ ಹರಿದಾಡಿದಂಗೆ ಸಣ್ಣ ಆಗೋದು, ಕೈ ನಡುಗೋದು. ಮನೇಲಿ ಓದೋಕೆ ಸೋಂಬೇರಿತನ ಅಂದ್ರು, ಒಬ್ರು ಟೆನ್ಷನ್ ಅಂದ್ರು, ದೇವ್ರು ದಿಂಡ್ರು ಎಲ್ಲಾ ಆಯ್ತು. ಕೊನೆಗೆ ಒಬ್ರು ಕಣ್ಣಿನ ಡಾಕ್ಟ್ರು, ಕನ್ನಡಕಕ್ಕೆ ಅಂತ ಹೋಗಿದ್ದು ನಾನು, ಆ ಮೆಷಿನ್ನಲ್ಲಿ ಗಲ್ಲ ಇಟ್ಟು ನೋಡಿ ಇನ್ನೊಬ್ಬರನ್ನ ಕರೆದ್ರು, ಅವರು ಇನ್ನೊಬ್ಬರನ್ನ ಕರೆದ್ರು, ಕಣ್ಣಿನ ಕರಿ ಗುಡ್ಡೆ ಸುತ್ತ ತಾಮ್ರದ ಬಣ್ಣದ ಉಂಗುರ ಇದೆ ಅಂತ. ಲಿವರ್ ತಾಮ್ರವನ್ನ ಆಚೆ ಹಾಕಲ್ಲ, ಅದು ಲಿವರಲ್ಲಿ, ಮೆದುಳಲ್ಲಿ, ಕಣ್ಣಲ್ಲಿ ಕೂತ್ಕೊಳ್ಳುತ್ತೆ. ನಿಮ್ಹಾನ್ಸ್‌ನಲ್ಲಿ ತೋರಿಸಿದ್ಮೇಲೆ ಗೊತ್ತಾಯ್ತು ಇದು ಅಷ್ಟೇನೂ ಅಪರೂಪ ಅಲ್ಲ ಅಂತ, 2007ರಲ್ಲೇ ಅವರು 282 ಜನ ವಿಲ್ಸನ್ ಪೇಷೆಂಟ್ಸ್ ಬಗ್ಗೆ ಬರೆದಿದ್ರಂತೆ.

ನಮ್ಮಪ್ಪ ಅಮ್ಮ ಸೋದರ ಸಂಬಂಧ, ಅಮ್ಮ ಅಪ್ಪನಿಗೆ ಅಕ್ಕನ ಮಗಳು. ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ರೆ ಹುಟ್ಟೋ ಪ್ರತಿ ಮಗುಗೂ ನಾಲ್ಕರಲ್ಲಿ ಒಂದು ಪಾಲು ಚಾನ್ಸ್. ಆದ್ರಿಂದ ನನ್ನ ತಂಗಿಗೂ ಟೆಸ್ಟ್ ಮಾಡಿದ್ರು, ಅವಳಿಗೂ ಇತ್ತು, ಅವಳಿಗೆ ಒಂದೇ ಒಂದು ತೊಂದ್ರೆ ಇರ್ಲಿಲ್ಲ ಆಗ. ಈಗ ಇಬ್ರೂ ಮಾತ್ರೆ ನುಂಗ್ತೀವಿ, ಜೀವನ ಪೂರ್ತಿ. ಅವಳು ಬ್ಯಾಂಕಲ್ಲಿ ಕೆಲಸ ಮಾಡ್ತಾಳೆ. ನನ್ನ ಅಕ್ಷರ ಮಾತ್ರ ವಾಪಸ್ ಬರ್ಲಿಲ್ಲ, ಹೆಂಗೂ ಟೈಪ್ ಮಾಡ್ತೀವಲ್ಲ ಈಗ.

ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆದೋರಾ ಅಕ್ಕ? ಆಗಿದ್ರೆ ಡಾಕ್ಟ್ರಿಗೆ ಮರೀದೆ ಹೇಳಿ. ಆಗಿಲ್ದಿದ್ರೂ ಆ ಕಣ್ಣಿನ ಟೆಸ್ಟ್ ಒಂದು ಮಾಡ್ಸಿ, ಐದು ನಿಮಿಷದ್ದು.

ಹಾಸನದ_ಅಕ್ಕ:

ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಮೂರು ದಿನದಿಂದ ಓಡಾಟ, ಈಗ ಬರೀತಿದೀನಿ. ಐಎನ್ಆರ್ ಅಲ್ಲೇ ನಿಂತಿದೆ, 1.4, ಏರಿಲ್ಲ. ಅಪ್ಪ ಅಮ್ಮ ಸಂಬಂಧ ಅಲ್ಲ. ಕಣ್ಣು ನೋಡಿದ್ರು, ಉಂಗುರ ಇಲ್ಲ, ಸೆರುಲೋಪ್ಲಾಸ್ಮಿನ್ 27, ಸರಿ ಇದೆ ಅಂದ್ರು. ಡಾಪ್ಲರ್ ನಾರ್ಮಲ್. ದೊಡ್ಡಪ್ಪನಿಗೆ ಹುಬ್ಬಳ್ಳಿ ಅಣ್ಣನ ಮೂಗಿನ ಕತೆ ಓದಿ ಹೇಳಿದೆ, ಸುಮ್ನಾದ್ರು, ಪೂರ್ತಿ ಒಪ್ಪಿಲ್ಲ.

ಪಿಜಿ ರೂಮಿಗೆ ನಾನೇ ಹೋಗಿದ್ದೆ. ಕಪಾಟಲ್ಲಿ ಪ್ರೋಟೀನ್ ಡಬ್ಬಿ ಇಲ್ಲ, ಬಾಟ್ಲು ಇಲ್ಲ, ಒಂದು ಸ್ಟ್ರಿಪ್ ಡೋಲೋ, ಅದ್ರಲ್ಲಿ ಎರಡು ಖಾಲಿ. ಅದರ ಹಿಂದೆ ಹಾರ್ಲಿಕ್ಸ್ ಬಾಟ್ಲಲ್ಲಿ ಹಸಿರು ಮಿಶ್ರಿತ ಬೂದು ಬಣ್ಣದ ಪುಡಿ. ಮುಚ್ಚಳ ತೆಗೆದ ತಕ್ಷಣ ವಾಸನೆಯಲ್ಲೇ ಗೊತ್ತಾಯ್ತು, ನಮ್ಮನೆದೇ. ಅಮೃತಬಳ್ಳಿ. ಕೋವಿಡ್ ಟೈಮಲ್ಲಿ ಅಮ್ಮ ಕಾಂಪೌಂಡ್ ಪಕ್ಕ ನಾಟಿ ಮಾಡಿದ್ದು ಈಗ ನುಗ್ಗೆಮರ ಪೂರ್ತಿ ಹಬ್ಬಿದೆ, ಕಾಂಡ ಕೊಯ್ದು ನೆರಳಲ್ಲಿ ಒಣಗಿಸಿ ಮಿಕ್ಸಿಗೆ ಹಾಕಿ, ಎರಡು ವಾರಕ್ಕೊಮ್ಮೆ ಚಕ್ಲಿ ಕೋಡುಬಳೆ ಜೊತೆ ಬಸ್ ಡ್ರೈವರ್ ಕೈಲಿ ಕಳಿಸ್ತಿದ್ಲು. ಇವನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಬಿಸಿನೀರಿಗೆ. ಸುಸ್ತು ಶುರುವಾದ್ಮೇಲೆ ಶಕ್ತಿ ಬರ್ಲಿ ಅಂತ ಅಮ್ಮನೇ ಎರಡು ಚಮಚ ಮಾಡ್ಕೋ ಅಂದಿದ್ಲಂತೆ.

"ಯಾಕೋ ಹೇಳ್ಲಿಲ್ಲ" ಅಂದೆ. "ಔಷಧಿ ಏನಾದ್ರೂ ಅಂತ ಕೇಳಿದ್ರು ಕಣೆ, ಅದು ಅಮ್ಮ ಕಳ್ಸಿದ್ದು" ಅಂದ.

ಡಾಕ್ಟ್ರಿಗೆ ಬಾಟ್ಲು ತೋರಿಸಿದೆ, ಅವರು ಒಂದೇ ಮಾತು, "ಇವತ್ತಿಂದ ಬೇಡ". ಐಜಿಜಿ ಜಾಸ್ತಿ ಬಂದಿದೆ, ಎಎನ್ಎ ಪಾಸಿಟಿವ್. ಬಯಾಪ್ಸಿ ಮಾಡ್ಬೇಕು ಅಂತಿದಾರೆ. ಅಮೃತಬಳ್ಳಿಯಿಂದ ಹಿಂಗಾಗುತ್ತಾ ನಿಜವಾಗ್ಲೂ? ಅಮ್ಮ ಆಸ್ಪತ್ರೆ ಕಾರಿಡಾರಲ್ಲಿ ಕೂತಿದಾಳೆ, ಒಳಗೆ ಬರ್ತಿಲ್ಲ.

ನಿವೃತ್ತ_ಜೀವಶಾಸ್ತ್ರ:

ಮೂವತ್ತು ವರ್ಷ ಪಾಠ ಮಾಡಿದವನು, ಆಯುರ್ವೇದದ ಮೇಲೆ ಗೌರವ ಇರುವವನು. ಅಮೃತಬಳ್ಳಿಯನ್ನ ಹಂಗೆ ಕಳ್ಳನ ಥರ ಕಟಕಟೆಗೆ ನಿಲ್ಲಿಸೋದು ಸರಿಯಲ್ಲ. ಔಷಧಿಗೆ ಹೇಳಿರೋದು ಟಿನೊಸ್ಪೊರಾ ಕಾರ್ಡಿಫೋಲಿಯಾ. ಅದೇ ಕುಲದ ಟಿನೊಸ್ಪೊರಾ ಕ್ರಿಸ್ಪಾ ಅಂತ ಇನ್ನೊಂದಿದೆ, ಎಲೆ ನೋಡೋಕೆ ಹತ್ತಿರ ಹತ್ತಿರ ಒಂದೇ, ಆದ್ರೆ ಕಾಂಡದ ಮೇಲೆ ಎದ್ದು ಕಾಣೋ ಗಂಟು ಗಂಟು ನರೂಲಿ ಥರ ಇರುತ್ತೆ. ಲಿವರಿಗೆ ತೊಂದ್ರೆ ಮಾಡೋದು ಅದು ಅಂತ ಆಯುಷ್ ಸಚಿವಾಲಯವೇ ಎಚ್ಚರಿಸಿದೆ. ಕೋವಿಡ್ ಟೈಮಲ್ಲಿ ಯಾರೋ ಕೊಟ್ಟ ಬಳ್ಳಿ ತುಂಡು ನೆಟ್ಟವರಿಗೆ ಯಾವುದು ಯಾವುದು ಅಂತ ಗೊತ್ತಾ? ಪಂಡಿತರು ನಾಡಿ ನೋಡಿ, ಇಷ್ಟು ದಿನ ಅಂತ ಲೆಕ್ಕ ಹಾಕಿ ಕೊಡೋದು. ತಿಂಗಳುಗಟ್ಲೆ ಕಾಫಿ ಥರ ಕುಡೀರಿ ಅಂತ ಯಾವ ವೈದ್ಯರೂ ಹೇಳಿರಲ್ಲ. ತಾಯಿ, ದಯವಿಟ್ಟು ಆ ಬಳ್ಳಿ ಕಾಂಡದ ಫೋಟೋ ಹಾಕಿ.

ನೈಟ್_ಡ್ಯೂಟಿ:

ಮೇಷ್ಟ್ರೇ, ಗಿಡ ಗುರುತಿಸಬೇಕು ಅನ್ನೋದಕ್ಕೆ, ಅಳತೆ ಇಲ್ದೆ ಕುಡಿಯೋದು ತಪ್ಪು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ಆದ್ರೆ ಇದು ಬರೀ ತಪ್ಪು ಗಿಡದ ಸಮಸ್ಯೆ ಅಂತ ನನಗನ್ಸಲ್ಲ. 2021ರಲ್ಲಿ ಮುಂಬೈನ ಲಿವರ್ ಡಾಕ್ಟ್ರುಗಳು 6 ಜನರ ವರದಿ ಕೊಟ್ಟಾಗ ಸಚಿವಾಲಯ ಗಿಡ ಸರಿಯಾಗಿ ಗುರುತಿಸಿಲ್ಲ ಅಂತ ಆಕ್ಷೇಪ ಎತ್ತಿದ್ದು ನಿಜ. ಮರುವರ್ಷ ದೇಶದ 13 ಕಡೆಯಿಂದ 43 ಜನರ ವರದಿ ಬಂತು. ಅದರಲ್ಲಿ ಮುಖ್ಯವಾಗಿ ಕಂಡಿದ್ದು ಆಟೋಇಮ್ಯೂನ್ ಹೆಪಟೈಟಿಸ್ ಥರದ ಚಿತ್ರ. ಅಮೃತಬಳ್ಳಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ ಅಂತಲೇ ಅಲ್ವಾ ಎಲ್ರೂ ಕುಡಿದಿದ್ದು? ಆ ಶಕ್ತಿ ಮೊದಲೇ ಸ್ವಲ್ಪ ದಾರಿ ತಪ್ಪಿರೋ ಮೈಯಲ್ಲಿ ಅದನ್ನ ಇನ್ನೂ ಕೆಣಕಿದ್ರೆ, ಅದು ಲಿವರ್ ಮೇಲೆ ಬೀಳಬಹುದು. ಮನೇಲಿ ಯಾರಿಗಾದ್ರೂ ಥೈರಾಯ್ಡ್, ತೊನ್ನು, ಸಂಧಿವಾತ ಇದ್ಯಾ ಅಂತ ನಾವು ಕೇಳೋದು ಅದಕ್ಕೇ.

ಮಂಚದ ಮೇಲಿರೋ ಹುಡುಗನ ವಿಷಯಕ್ಕೆ ಬಂದ್ರೆ ಕಾಂಡದ ಮೇಲೆ ಗಂಟಿತ್ತೋ ಇಲ್ವೋ, ಚಿಕಿತ್ಸೆ ಒಂದೇ. ನಿಲ್ಲಿಸೋದು, ಬಯಾಪ್ಸಿ ನೋಡೋದು, ಬೇಕಾದ್ರೆ ಸ್ಟಿರಾಯ್ಡ್ ಕೊಡೋದು. ಇನ್ನೊಂದ್ಸಲ ಕುಡಿದು ನೋಡಿ ಪರೀಕ್ಷೆ ಮಾಡೋದು ಮಾತ್ರ ಯಾವತ್ತೂ ಬೇಡ, ಎರಡನೇ ಸಲ ಮೊದಲಿನದಕ್ಕಿಂತ ಜೋರಾಗಿ ಬರಬಹುದು.

ಅಕ್ಕ, ಸುಸ್ತಾದ್ಮೇಲೆ ಎರಡು ಚಮಚ ಮಾಡಿದ್ದು ಎಲ್ಲಾ ಮನೇಲೂ ಆಗೋದೇ. ಅಮ್ಮನಿಗೆ ಹೇಳಿ, ಕಿಟಕಿ ಹತ್ರ ಹೋಗಿ ನಿಂತ್ಕೋ ಅಂದಿದ್ದೂ ಅವರೇ. ಇನ್ನೊಂದು ವಾರ ಅದೇ ಸುಸ್ತು ಅಂತ ಎರಡು ಚಮಚ ಕುಡೀತಿದ್ದಿದ್ರೆ ಏನಾಗ್ತಿತ್ತು ಅಂತ ನನಗೆ ಗೊತ್ತು, ಅಂಥವರನ್ನ ನೋಡಿದೀನಿ.

ಹುಬ್ಬಳ್ಳಿ_ಗಿರ್ಮಿಟ್:

ನಮ್ಮವ್ವನೂ ಇದನ್ನ ದಿನಾ ಕುಡೀತಾಳ್ರೀ, ಥೈರಾಯ್ಡ್ ಬ್ಯಾರೆ ಐತಿ. ನಾಳೆ ರಕ್ತ ಕೊಡಸ್ತೇನಿ.

ಹಾಸನದ_ಅಕ್ಕ:

ಏಳು ವಾರ ಆಯ್ತು, ಕೆಲವರು ಮೆಸೇಜ್ ಮಾಡಿ ಕೇಳ್ತಿದ್ರಿ, ಅದಕ್ಕೆ ಬರೀತಿದೀನಿ. ಬಯಾಪ್ಸಿಯಲ್ಲಿ ಆಟೋಇಮ್ಯೂನ್ ಥರಾನೇ ಇದೆ, ಬಳ್ಳಿಯಿಂದ ಎದ್ದಿದ್ದೋ, ಒಳಗಿದ್ದಿದ್ದನ್ನ ಬಳ್ಳಿ ಎಬ್ಬಿಸಿದ್ದೋ ಅನ್ನೋದು ಸ್ಟಿರಾಯ್ಡ್ ನಿಲ್ಲಿಸಿದ್ಮೇಲೆ ಗೊತ್ತಾಗುತ್ತೆ ಅಂದ್ರು. 40 ಮಿಲಿಗ್ರಾಮಲ್ಲಿ ಶುರು ಮಾಡಿದ್ರು, ಈಗ 15ಕ್ಕೆ ಇಳಿಸಿದಾರೆ. ಎಸ್‌ಜಿಪಿಟಿ 610 ಆಯ್ತು, ಆಮೇಲೆ 190, ಮೊನ್ನೆ 74. ಬಿಲಿರುಬಿನ್ 1.3. ಐಎನ್ಆರ್ 1.0, ಈಗ ಅಮ್ಮನೂ ರಿಪೋರ್ಟ್ ಬಂದ ತಕ್ಷಣ ಮೊದ್ಲು ಅದನ್ನೇ ಹುಡುಕ್ತಾಳೆ. ಮುಖ ಊದಿ ಇಡ್ಲಿ ಥರ ಆಗಿದೆ ಅಂತ ಇವನಿಗೆ ಬೇಜಾರು, ಹಸಿವು ಮಾತ್ರ ರಾಕ್ಷಸನಂಗೆ.

ಮೇಷ್ಟ್ರೇ, ಬಳ್ಳಿ ಫೋಟೋ ಹಾಕೋಕಾಗಲ್ಲ, ಕ್ಷಮಿಸಿ. ಡಿಸ್ಚಾರ್ಜ್ ಆಗಿ ಊರಿಗೆ ಹೋಗೋಷ್ಟರಲ್ಲಿ ಅಪ್ಪ ನುಗ್ಗೆಮರ ಸಮೇತ ಕಡಿಸಿ ಹಾಕಿದ್ರು, ಈಗ ಸಾರಿಗೆ ನುಗ್ಗೆಕಾಯಿ ಅಂಗಡಿಯಿಂದ ತರ್ತಿದೀವಿ.

ಡಾಕ್ಟ್ರೇ, ನೀವು ಕೇಳಿದ್ರಿ, ಅಮ್ಮನಿಗೆ ಥೈರಾಯ್ಡ್ ಇದೆ, ಹತ್ತು ವರ್ಷದಿಂದ ಮಾತ್ರೆ ತಗೊಳ್ತಿದಾಳೆ. ಅವಳೂ ಅದೇ ಪುಡಿ, ಅದೇ ಬಾಟ್ಲು, ಎರಡು ವರ್ಷ ಬಿಡದೆ ಕುಡಿದಿದಾಳೆ. ಅವಳ ಲಿವರ್ ಟೆಸ್ಟೂ ಮಾಡಿಸಿದ್ವಿ. ಎಸ್‌ಜಿಪಿಟಿ 22.